ಗೆರೆಯಾಚೆಯ ಅರ್ಧ ವೃತ್ತ

ಟಿಲ್ಡನ್ ಕ್ರಾಸಿಂಗ್
ಅಕ್ಟೋಬರ್ 16, ಗುರುವಾರ

ಎರಡು ರಾಜ್ಯಗಳ ಅಂತರ್ಜಲ ಸಹಕಾರ ಸಮಿತಿಯ ಮಾನ್ಯ ಸಹ-ಅಧ್ಯಕ್ಷನೂ, ಕಾಗದದ ಮೇಲೆ ಇನ್ನೂ ನನ್ನ ಗಂಡನೂ ಆಗಿರುವ ಲೈಲ್‌ಗೆ,

ಮೊದಲು ಅಭಿನಂದನೆ. ನಿನ್ನೆಯ ಸಭೆ ಸೊಗಸಾಗಿ ನಡೆಯಿತು. ನೀವು ನಮ್ಮ ಬೆನ್ನು ತಟ್ಟಿದಿರಿ, ನಾವು ನಿಮ್ಮ ಬೆನ್ನು ತಟ್ಟಿದೆವು. ನೆಲದಡಿಯ ನೀರು ಕಾಯುವುದರಲ್ಲಿ ನಮ್ಮ ಎರಡು ರಾಜ್ಯಗಳ ಹೊಂದಾಣಿಕೆ ಇಡೀ ಅಮೆರಿಕಕ್ಕೇ ಮಾದರಿ ಎಂದು ನಿರ್ಣಯವೂ ಪಾಸಾಯಿತು. ಚಪ್ಪಾಳೆ ತಟ್ಟಿದ ಪ್ರತಿಯೊಬ್ಬನ ಮುಂದೆಯೂ ಅಂಗಡಿಯಿಂದ ಕೊಂಡು ತಂದ ನೀರಿನ ಬಾಟಲಿ ಇತ್ತು. ನಾನು ಆ ಬಾಟಲಿಗಳನ್ನೇ ನೋಡುತ್ತ ಕೂತಿದ್ದೆ.

ಈ ಪತ್ರವನ್ನು ಕೈಯಲ್ಲಿ ಬರೆಯುತ್ತಿದ್ದೇನೆ. ಕಚೇರಿಯ ಮೇಲ್ ಆದರೆ ಎರಡೂ ಕಡೆಯ ವಕೀಲರು ಓದುತ್ತಾರೆ. ಫೋನ್ ಮಾಡಿದರೆ ನೀನು ಗಂಟಲು ಸರಿಮಾಡಿಕೊಂಡು "ಇದನ್ನ ಸಮಿತೀಲಿ ಇಡೋಣ" ಅನ್ನುತ್ತೀಯ. ಆ ಮಾತು ಕೇಳಿ ಕೇಳಿ ನನಗೆ ವಾಕರಿಕೆ ಬಂದುಹೋಗಿದೆ.

ನಿನ್ನಮ್ಮ ಓಪಲ್‌ಳ ಕೆಫೆಯಲ್ಲೇ ಪ್ರತಿ ವರ್ಷ ನಮ್ಮ ಸಭೆ ಯಾಕೆ ನಡೆಯುತ್ತದೆ ಎಂದು ಹೊಸಬರು ಕೇಳಿದರೆ ನನಗೆ ಉತ್ತರ ಹೇಳಲು ನಾಚಿಕೆ. ರಾಜ್ಯದ ಗಡಿ ಅವಳ ಕೆಫೆಯ ನಡುವೆ ಹಾದುಹೋಗಿದೆ, ನೆಲದ ಮೇಲೆ ಹಳದಿ ಬಣ್ಣದಲ್ಲಿ ಗೆರೆ ಎಳೆದಿದ್ದಾರೆ. ಸರ್ಕಾರಿ ಕೆಲಸದ ಮೇಲೆ ಹೊರರಾಜ್ಯಕ್ಕೆ ಕಾಲಿಡಬೇಕಾದರೆ ನಮಗೆ ಮೇಲಿನವರ ಅಪ್ಪಣೆ ಬೇಕು. ಅದಕ್ಕಾಗಿ ಮೇಜನ್ನು ಗೆರೆಯ ಮೇಲೆ ಇಟ್ಟು, ಉತ್ತರದವರಾದ ನಾವು ಈಚೆ, ದಕ್ಷಿಣದವರಾದ ನೀವು ಆಚೆ ಕುಳಿತು ಸಹಕಾರ ಮಾಡುತ್ತೇವೆ. ನಿನ್ನೆ ನಿಮ್ಮ ವಕೀಲನ ಪೆನ್ನು ಉರುಳಿ ನಮ್ಮ ಕಡೆ ಬಿದ್ದಾಗ ಆ ಮಹಾನುಭಾವ ಬಗ್ಗಲೂ ಹೆದರಿದ. ನಿನ್ನಮ್ಮ ಅದನ್ನು ಕಾಲಿನಲ್ಲೇ ಆಚೆ ತಳ್ಳಿ, "ತಗೊಳಪ್ಪ, ವೀಸಾ ಇಲ್ದೆ ಬಂದ್ಬಿಟ್ಟಿತ್ತು" ಅಂದಳು. ಇಡೀ ದಿನದಲ್ಲಿ ಅರ್ಥವಿದ್ದ ಮಾತು ಅದೊಂದೇ.

ನನ್ನ ಮೊದಲ ಸಭೆಯಲ್ಲಿ ಒಬ್ಬ ಆ ಗೆರೆ ದಾಟಿ ಬಂದಿದ್ದ. ತಟ್ಟೆ ಹಿಡಿದುಕೊಂಡು ಸೀದಾ ನನ್ನ ಪಕ್ಕ ಕುಳಿತು, "ನೀರಿಗೇನು ಗೊತ್ತು ಗೆರೆ?" ಅಂದಿದ್ದ. ಅವನ ಸಾಹೇಬ ಕಣ್ಣು ಕೆಂಪಗೆ ಮಾಡಿದರೂ ಕದಲಲಿಲ್ಲ. ಆ ಮಾತಿಗೆ ಮರುಳಾಗಿ ನಾನು ಅವನನ್ನು ಮದುವೆಯಾದೆ. ಅವನೀಗ ಎಲ್ಲಿದ್ದಾನೋ ಗೊತ್ತಿಲ್ಲ. ನಿನ್ನೆ ಎದುರಿಗೆ ಕೂತಿದ್ದವನಂತೂ ಅವನಲ್ಲ.

ಸರಿ, ವಿಷಯಕ್ಕೆ ಬರುತ್ತೇನೆ. ಈ ವಸಂತದಲ್ಲಿ ನಿನ್ನಮ್ಮ ನನಗೆ ಫೋನ್ ಮಾಡಿದಳು. ನಿನಗಲ್ಲ, ನನಗೆ. "ಏನ್ ಕಣೇ ಆರ್ಡಿತ್, ನಿಮ್ ಸರ್ಕಾರ ನನ್ ಬಾವೀಲಿ ಉಪ್ಪಿನಕಾಯಿ ಹಾಕ್ತಿದ್ಯಾ?" ಎಂದು ಕೇಳಿದಳು. ಹೋಗಿ ಕುಡಿದು ನೋಡಿದೆ, ಪರೀಕ್ಷೆಗೂ ಕಳಿಸಿದೆ. ಉಪ್ಪು. ಲಾರಿ ಚಾಲಕರು ಆಗಲೇ ಅವಳನ್ನು ಕಾಡಲು ಶುರುಮಾಡಿದ್ದರು. ಒಬ್ಬ ನನ್ನೆದುರಿಗೇ, "ಓಪಲ್, ಕಾಫಿ ಜೊತೆ ಮೀನೂ ಕೊಡು, ಸಮುದ್ರ ಹೇಗೂ ಬಂದಾಯ್ತಲ್ಲ" ಅಂದ. ಅವಳೂ ನಕ್ಕಳು. ಆಮೇಲೆ ಅಡುಗೆಮನೆಗೆ ಹೋಗಿ, ಕೋಸು ಮಾಂಸ ತುಂಬಿದ ಬನ್ನುಗಳ ತಟ್ಟೆಯನ್ನು ಒಲೆಯ ಮೇಲೆ ಧಪ್ಪನೆ ಇಟ್ಟಳು. ಆ ಕೆಫೆ ನಡೆಯುವುದೇ ಕಾಫಿಯಿಂದ. ಈಗ ಬೆಳಗಿನ ಹೊತ್ತಲ್ಲೂ ಅರ್ಧಕ್ಕರ್ಧ ಕುರ್ಚಿ ಖಾಲಿ. ಹೀಗೇ ಹೋದರೆ ಚಳಿಗಾಲದೊಳಗೆ ಬಾಗಿಲು ಹಾಕುತ್ತಾಳೆ.

ಉಪ್ಪು ಬಂದದ್ದೆಲ್ಲಿಂದ ಎಂದು ಹುಡುಕಲು ನನಗೆ ಕಷ್ಟವಾಗಲಿಲ್ಲ. ಗೆರೆಯಾಚೆ ಕೂಗಳತೆಯಲ್ಲಿ ನೀವು ಹೊಸ ಬಾವಿಗೆ ಅನುಮತಿ ಕೊಟ್ಟಿದ್ದೀರಿ. ನೆಲದಿಂದ ಕಚ್ಚಾ ಎಣ್ಣೆಯ ಜೊತೆ ಮೇಲೆ ಬರುವ ಉಪ್ಪುನೀರನ್ನು ಕಂಪನಿಯವರು ಅದರೊಳಗೆ ಒತ್ತಡದಿಂದ ಪಾತಾಳಕ್ಕೆ ತಳ್ಳುತ್ತಿದ್ದಾರೆ. ಇಂಥ ಬಾವಿಗೆ ರುಜು ಹಾಕುವ ಮುನ್ನ ಏನು ಮಾಡಬೇಕು ಎಂಬುದು ನಮ್ಮ ಕೆಲಸದ ಅಕ್ಷರಾಭ್ಯಾಸ. ಬಾವಿಯ ಸುತ್ತ ಕಾಲು ಮೈಲಿಯ ವೃತ್ತ ಎಳೆಯಬೇಕು. ಅದರೊಳಗೆ ಹಿಂದೆ ಎಣ್ಣೆಗಾಗಿ ಕೊರೆದು ಬಿಟ್ಟ ತೂತುಗಳನ್ನೆಲ್ಲ ಹುಡುಕಿ ಸಿಮೆಂಟು ತುಂಬಿಸಬೇಕು. ಇಲ್ಲದಿದ್ದರೆ ಕೆಳಗೆ ತಳ್ಳಿದ್ದು ಆ ತೂತಿನಿಂದ ಮೇಲೇರಿ ಸಿಹಿನೀರಿಗೆ ಸೇರುತ್ತದೆ.

ನಿಮ್ಮ ನಕ್ಷೆ ತರಿಸಿ ನೋಡಿದೆ, ಲೈಲ್. ವೃತ್ತ ಗಡಿಯವರೆಗೆ ಬಂದು ನಿಂತುಬಿಟ್ಟಿದೆ. ಗಡಿಯಿಂದ ನಮ್ಮ ಕಡೆಗೆ ಬರೀ ಬಿಳಿ ಕಾಗದ. ನಿಮ್ಮ ಕಂಪ್ಯೂಟರಿನಲ್ಲಿ ನಿಮ್ಮ ರಾಜ್ಯದ ತೂತುಗಳು ಮಾತ್ರ ಇವೆಯಂತೆ, ಹಾಗಾಗಿ ನಮ್ಮ ಕಡೆ ತೂತೇ ಇಲ್ಲ! ಅರ್ಧ ವೃತ್ತ ಎಳೆದು ಪೂರ್ತಿ ರುಜು ಹಾಕಿದ್ದೀಯ.

ಬೇರೆ ಯಾವ ಮೂಢ ಹಾಕಿದ್ದರೂ ನಾನು ಬೈದು ಸುಮ್ಮನಾಗುತ್ತಿದ್ದೆ. ಆದರೆ ನೀವು ಬಿಳಿ ಬಿಟ್ಟ ಆ ಜಾಗದಲ್ಲೇ, ಗೆರೆಯಿಂದ ಈಚೆಗೆ, ಕೆಫೆಯ ಹಿಂದಿನ ಧ್ವಜದ ಕಂಬ ಇದೆ. ಅದು ನಿಂತಿರುವುದು ನಿನ್ನ ತಾತನ ಕಾಲದ ಎಣ್ಣೆ ಬಾವಿಯ ಕೊಳವೆಯಲ್ಲಿ. ಕಂಬ ನೆಡುವ ಮುಂಚೆ ನೀನು ಅದರ ಬಾಯಿಗೆ ಕಲ್ಲು ಹಾಕಿ, ಕಿವಿಯಿಟ್ಟು ಕೇಳುತ್ತಿದ್ದೆಯಂತೆ. ತಳ ಮುಟ್ಟಿದ ಸದ್ದು ಯಾವತ್ತೂ ಬರಲಿಲ್ಲವಂತೆ. ಇದನ್ನು ನನಗೆ ಹೇಳಿದವನು ನೀನೇ, ಮದುವೆಗೆ ಮುಂಚೆ, ಅದೇ ಕಂಬಕ್ಕೆ ಒರಗಿಕೊಂಡು. ನನ್ನನ್ನು ಬಿಟ್ಟರೆ ಭೂಮಿಯ ಮೇಲೆ ಆ ತೂತು ಗೊತ್ತಿದ್ದ ಅಧಿಕಾರಿ ನೀನೊಬ್ಬನೇ. ಕಂಪ್ಯೂಟರಿನಲ್ಲಿ ಇಲ್ಲ ಅಂತ ಕಣ್ಣು ಮುಚ್ಚಿಕೊಂಡೆಯಲ್ಲ, ಥೂ!

ನನ್ನ ಸಾಹೇಬ ಗೇಲಾರ್ಡ್‌ಗೂ ವರದಿ ಕೊಟ್ಟೆ. ಅವನು ಎಂದಿನಂತೆ ಹಲ್ಲು ಗಿಂಜಿದ. "ನೋಡಮ್ಮ, ಆ ಕಡೆಯೋರು ಒಳ್ಳೇ ಜನ. ಮುಂದಿನ್ ವರ್ಷ ನಮ್ ಕೆಲಸ ಹೇಗಿದೆ ಅಂತ ನೋಡೋಕ್ ಬರೋರೂ ಅವರೇ. ಸುಮ್ನೆ ಯಾಕೆ ಕೆದಕ್ತೀಯ?" ಅಂದ. ಹಟ ಹಿಡಿದು ನಿನ್ನೆ ಸಭೆಯಲ್ಲಿ ನಾನೇ ಎತ್ತಿದೆ. ತೂತಿರುವುದು ನಿಮ್ಮ ಕಡೆ ಎಂದು ನೀವು, ಉಪ್ಪು ಬರುವುದು ನಿಮ್ಮ ಕಡೆಯಿಂದ ಎಂದು ನಮ್ಮವರು. ಕೊನೆಗೆ ಉಪಸಮಿತಿಯೊಂದನ್ನು ಹುಟ್ಟಿಸಿ, ಅದರ ಹೆಸರು ಹೇಗಿರಬೇಕು ಎಂದು ಊಟದವರೆಗೆ ಚರ್ಚಿಸಿದಿರಿ. ನೀನು ಪೂರಾ ಹೊತ್ತು ತಲೆ ಎತ್ತಲಿಲ್ಲ. ಓಪಲ್ ಅಡುಗೆಮನೆಯಲ್ಲಿದ್ದಳು, ಇದೊಂದೂ ಅವಳ ಕಿವಿಗೆ ಬೀಳಲಿಲ್ಲ.

ಆಮೇಲೆ ಅವಳು ಬಂದು ಬಾಟಲಿಗಳನ್ನೆಲ್ಲ ಬಾಚಿಕೊಂಡು, "ಇವತ್ತು ಎಲ್ರೂ ನನ್ ನೀರೇ ಕುಡೀರಿ" ಎಂದು ಕಾಫಿ ಇಟ್ಟಳಲ್ಲ, ಆಗ ನಾನು ಎಲ್ಲರ ಮುಖಗಳನ್ನೂ ನೋಡಿದೆ. ಒಂದು ಗುಟುಕಿಗೇ ಎಲ್ಲರೂ ಮುಖ ಸಿಂಡರಿಸಿದರು. ಗೇಲಾರ್ಡ್‌ಗೆ ಡಾಕ್ಟರು ಕಾಫಿ ಬಿಡಲು ಹೇಳಿದ್ದು ಆ ಕ್ಷಣವೇ ನೆನಪಾಯಿತು. ನೀನೊಬ್ಬ ಮಾತ್ರ ತಳದವರೆಗೆ ಕುಡಿದೆ. ಕುಡಿದು ಇನ್ನೊಂದು ಲೋಟಕ್ಕೆ ಕೈ ಚಾಚಿದೆ. ಅಮ್ಮನನ್ನು ಖುಷಿಪಡಿಸಲು ಇಷ್ಟು ನಾಚಿಕೆಗೆಟ್ಟ ನಾಟಕ ಬೇಕಿತ್ತೇ? ನನಗೆ ಆ ಲೋಟವನ್ನು ನಿನ್ನ ತಲೆಯ ಮೇಲೆ ಸುರಿಯಬೇಕೆನ್ನಿಸಿತು.

ಬಾವಿಗೆ ರುಜು ಹಾಕಿದವನು ನೀನೆಂದು ಅವಳಿಗೆ ಗೊತ್ತಿಲ್ಲ. ಬೇಸಿಗೆಯಲ್ಲಿ ಅವಳೇ ಕೇಳಿದ್ದಳು, "ಆ ಕಡೆ ರುಜು ಹಾಕಿದ ಪುಣ್ಯಾತ್ಮ ಯಾರೇ?" ಎಂದು. ಯಾರೋ ಗುಮಾಸ್ತನಂತೆ ಅಂದೆ. ನಿನ್ನನ್ನು ಕಾಪಾಡಲು ಅಂದದ್ದಲ್ಲ. ನಿನ್ನನ್ನು ಕಾಪಾಡುವ ಕೆಲಸ ನಾನು ಬಿಟ್ಟು ಮೂರು ವರ್ಷವಾಯಿತು. ಅವಳ ಮುಖ ನೋಡಿ ಬಾಯಿ ಬರಲಿಲ್ಲ, ಅಷ್ಟೆ.

ಈಗ ಕೇಳು. ಪಂಪು ನಿಲ್ಲಿಸಲು ನಿನಗೆ ಉಪಸಮಿತಿ ಬೇಕಿಲ್ಲ. ತುರ್ತು ಆದೇಶದ ಒಂದು ಹಾಳೆ, ನಿನ್ನದೊಂದು ರುಜು, ಅಷ್ಟು ಸಾಕು. ಒತ್ತಡ ಇಳಿಯುವವರೆಗೆ ನಾವು ಈ ಕಡೆ ಸಿಮೆಂಟು ಸುರಿದರೂ ನಿಲ್ಲುವುದಿಲ್ಲ. ಮೊದಲು ನೀವು ನಿಲ್ಲಿಸಬೇಕು, ಆಮೇಲೆ ನಾವು ಮುಚ್ಚಬೇಕು. ಸಹಕಾರ ಅಂದರೆ ಇಷ್ಟೇ ಕಣೋ. ಮುಂದಿನ ಶನಿವಾರದೊಳಗೆ ಆಗದಿದ್ದರೆ ನಿನ್ನ ನಕ್ಷೆಯನ್ನು ಹಿಡಿದುಕೊಂಡು ಹೋಗಿ ಓಪಲ್‌ಳ ಮುಂದೆ ಹರಡುತ್ತೇನೆ. ಉಳಿದರ್ಧ ವೃತ್ತವನ್ನು ಅವಳ ಕಣ್ಣೆದುರಿಗೇ ಎಳೆಯುತ್ತೇನೆ.

ನಿನ್ನ ಮೇಲೆ ಯಾವ ನಂಬಿಕೆಯೂ ಇಲ್ಲದೆ,

ಆರ್ಡಿತ್

ತಾ.ಕ.: ಅಂಚೆಗೆ ಹಾಕಲು ಹೊರಟವಳು ದಾರಿಯಲ್ಲಿ ಕೆಫೆಗೆ ಹೋಗಿದ್ದೆ. ಲಕೋಟೆಯ ಮೇಲಿನ ಹೆಸರು ನೋಡಿ ಓಪಲ್ ಒಲೆ ಆರಿಸಿ ಬಂದು ನನ್ನೆದುರು ಕುಳಿತಳು. "ಚಿಕ್ಕವನಿದ್ದಾಗ ಅವನು ತಟ್ಟೇಲಿ ಅರ್ಧ ಬಿಡ್ತಿದ್ದ ಕಣೇ. ತಪ್ಪು ಮಾಡಿದ ದಿನ ಮಾತ್ರ, ಏನು ಹಾಕಿದ್ರೂ ಬಾಯ್ ಮುಚ್ಕೊಂಡು ಪೂರಾ ತಿಂತಿದ್ದ. ನಿನ್ನೆ ಎರಡು ಲೋಟ ಕುಡ್ದ. ಆ ಗುಮಾಸ್ತ ಅವನೇ ತಾನೆ?" ಅಂದಳು. ನಾನು ಸುಳ್ಳು ಹೇಳಲಿಲ್ಲ. ಅವಳು ಅಳಲೂ ಇಲ್ಲ, ಬೈಯಲೂ ಇಲ್ಲ. ಮೇಜು ಒರೆಸುತ್ತ ಒಂದು ಮಾತು ಹೇಳಿದಳು, ಹಾಗೇ ಬರೆಯುತ್ತಿದ್ದೇನೆ: "ಪಂಪು ನಿಲ್ಸಿ ಬಾ ಅಂತ ಹೇಳು. ಅಲ್ಲೀವರೆಗೂ ಈ ಕಡೆ ಅವನಿಗೆ ಕುರ್ಚಿ ಇಲ್ಲ."