ವಾಗೀಶರ ಹಸಿವು

ಕೃಷ್ಣಮೂರ್ತಿಪುರಂ, ಮೈಸೂರು
೧೧ ಫೆಬ್ರವರಿ ೨೦೨೪

ಪ್ರೀತಿಯ ಅನುಪಮಕ್ಕನಿಗೆ,

ನಿನ್ನ ತಂಗಿ ಭಾನು ಮಾಡುವ ನಮಸ್ಕಾರ. ನಿನ್ನ ಕಾಗದ ಬಂದು ಎರಡು ತಿಂಗಳಾದರೂ ಉತ್ತರಿಸಲಿಲ್ಲವೆಂದು ಮುನಿಯಬೇಡ. ಫೋನಿನಲ್ಲಿ ಹೇಳುವ ಮಾತಲ್ಲ, ಬರೆದ ಹಾಳೆಗಳನ್ನು ಹರಿದು ಹಾಕುತ್ತಲೇ ಇದ್ದೆ. ಭಾವನ ಸೊಂಟನೋವು ಹೇಗಿದೆ? ನಿನ್ನ ಮಗ ಸಿದ್ದುಗೆ ಕೊಂಬು ಮೂಡುತ್ತಿದೆಯಂತೆ, ಅವ್ವ ಹೇಳಿದಳು. ತುರಿಕೆಯಿದ್ದರೆ ಹರಳೆಣ್ಣೆ ಹಚ್ಚು.

ನಮ್ಮ ಯಜಮಾನರು ತೀರಿಹೋದದ್ದು ಹೇಗೆಂದು ನೀನು ಕೇಳಿದ್ದೆ. ಜನ ಏನೇನೋ ಆಡುತ್ತಿದ್ದಾರೆ. ನಿನಗೆ ನಿಜ ಹೇಳುತ್ತೇನೆ.

ದೇವರಾಜ ಮೊಹಲ್ಲಾದ ಕನ್ನಡಕದ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದಾಗ ವಾಗೀಶರು ಕಪ್ಪು ಕನ್ನಡಕಕ್ಕೆಂದು ಬಂದರು. ಚಿರತೆ ಕುಲದವರ ಕಣ್ಣು ಮಧ್ಯಾಹ್ನದ ಬಿಸಿಲು ತಡೆಯುವುದಿಲ್ಲವಲ್ಲ. ಅಳತೆ ತೆಗೆಯಲು ಹತ್ತಿರ ಹೋದೆ, ನನ್ನ ಜಿಂಕೆಕಿವಿ ಎರಡೂ ನೆಟ್ಟಗಾದವು. "ಹೆದರ್ಕೋಬೇಡಿ ಕಣ್ರೀ, ಈಗಷ್ಟೇ ಊಟ ಮಾಡಿ ಬಂದಿದೀನಿ" ಎಂದರು. ನಗು ತಡೆಯಲಾಗಲಿಲ್ಲ. ಆಮೇಲೆ ಬೇಡದ ಕನ್ನಡಕ ಎಷ್ಟು ಕೊಂಡರೋ!

ಅವರ ಮುತ್ತಾತನ ಕಾಲದಲ್ಲಿ ಯಾದವಗಿರಿಯ ಅವರ ಮನೆತನದ ಬಂಗಲೆಗೆ ನಮ್ಮ ಜಿಂಕೆ ಜನರನ್ನು ಬೇಟೆಯಾಡಿ ತರುತ್ತಿದ್ದರು. ನಮ್ಮ ಮುತ್ತಜ್ಜಿ ಹೋದದ್ದೂ ಹಾಗೆಯೇ. ಕಾನೂನು ಬಂದ ಮೇಲೆ ಅವರೆಲ್ಲ ಕೋಳಿ, ಮೀನಿಗೆ ಇಳಿದರು. ಅಂಥ ಮನೆಯವರನ್ನು ಕಟ್ಟಿಕೊಂಡೆನೆಂದು ಅಪ್ಪ ಮಾತು ಬಿಟ್ಟದ್ದು, ನಮ್ಮತ್ತೆ ಶಾಂತಾದೇವಿ ಮಗನಿಗೆ ಬಾಗಿಲು ಹಾಕಿದ್ದು ನಿನಗೆ ಗೊತ್ತೇ ಇದೆ.

ಮದುವೆಯಾದ ಹೊಸತರಲ್ಲಿ ಅವರೊಮ್ಮೆ ಕೋಳಿ ತಂದರು. ಆ ವಾಸನೆಗೆ ಹಿತ್ತಲಿಗೆ ಓಡಿ, ಗೋಡೆ ಹಾರಲು ಹೋಗಿ ಬಿದ್ದೆ. ಅಂದಿನಿಂದ ಅವರು ಮಾಂಸ ಮುಟ್ಟಲಿಲ್ಲ. ಹೊರಗಾದರೂ ತಿನ್ನಿ ಎಂದು ಗೋಗರೆದೆ. "ನನ್ನ ಬಾಯಿಂದ ಆ ವಾಸನೆ ಬಂದ್ರೆ ನೀನು ನಿದ್ದೆ ಮಾಡಲ್ಲ ಭಾನು" ಎಂದು ಸೊಪ್ಪಿನ ಸಾರು ಬಡಿಸಿಕೊಳ್ಳುತ್ತಿದ್ದರು. ಚಿರತೆಯ ಮೈ ಸೊಪ್ಪಿನಲ್ಲಿ ಎಷ್ಟು ಕಾಲ ನಡೆದೀತು? ಮೊದಲು ಕಣ್ಣು ಮಂಜಾಯಿತು, ಆಮೇಲೆ ಹೃದಯ ಸೋತಿತು. ಡಾಕ್ಟರು ಬೈದು ಮಾಂಸ ತಿನ್ನಿಸುವ ಹೊತ್ತಿಗೆ ತಿಂದದ್ದು ದಕ್ಕುತ್ತಿರಲಿಲ್ಲ. ದೀಪಾವಳಿಗೆ ಮೊದಲೇ ಹೋಗಿಬಿಟ್ಟರು.

ತಿಥಿ ಕಳೆದ ಮೇಲೆ ಅತ್ತೆ ಬಂದರು. ಒಳಗೆ ಕೂರಲೂ ಇಲ್ಲ. "ಸೊಪ್ಪು ಹಾಕಿ ನನ್ನ ಮಗನ್ನ ಕಳೆದೆ. ಮಗೂನ ನಮಗೆ ಕೊಟ್ಟುಬಿಡು" ಎಂದರು. ಹಿಂದೆಯೇ ಅವ್ವ ಬಂದಳು. "ನೀನು ಬಂದ್ಬುಡು ಮಗ. ಮಗೀನ ಮಾತ್ರ ಅವ್ರಿಗೇ ಕೊಟ್ಬುಡು. ದೊಡ್ಡದಾದ್ರೆ ನಮ್ ಬೀದಿ ಮಕ್ಕಳ್ನ ಎಂಗೆ ನೋಡ್ತದೋ ಏನೋ" ಎಂದು ಅತ್ತಳು. ಇಬ್ಬರಿಗೂ ಇಲ್ಲವೆಂದೆ. ಮಗಳು ಲಹರಿಗೆ ಅಪ್ಪನ ಚುಕ್ಕೆ, ಅಪ್ಪನ ಹಲ್ಲು. ಕಿವಿ ಮಾತ್ರ ನನ್ನದು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಅವಳಿಗೆ ದಿನವೂ ಮೀನು ಬೇಯಿಸುತ್ತೇನೆ. ದುಂಡಗಾಗಿದ್ದಾಳೆ.

ವಾಗೀಶರ ಹೆಜ್ಜೆಗೆ ಸದ್ದೇ ಇರಲಿಲ್ಲ ಅಕ್ಕ. ಹಾಗಾಗಿ ಮನೆ ನಿಶ್ಶಬ್ದವಾದಾಗಲೆಲ್ಲ ಅವರು ಬಂದರೆನಿಸುತ್ತದೆ. ನಡುಮಧ್ಯಾಹ್ನ ಪಾತ್ರೆ ತೊಳೆಯುವಾಗ ಕತ್ತಿನ ಹಿಂದೆ ಉಸಿರು ತಾಕುತ್ತದೆ. ತಿರುಗಿ ನೋಡುವುದಿಲ್ಲ. ಹಸಿದಿರಬಹುದೆಂದು ಒಂದು ತಟ್ಟೆ ಮೀನು ನಡುಮನೆಯಲ್ಲಿಡುತ್ತೇನೆ. ಸಂಜೆಯಾದರೂ ಹಾಗೇ ಇರುತ್ತದೆ.

ಭಾವನಿಗೆ ನಮಸ್ಕಾರ, ಸಿದ್ದುಗೆ ಆಶೀರ್ವಾದ. ನಿನ್ನ ಮನೆ ತಣ್ಣಗಿರಲಿ.

ನಿನ್ನ
ಭಾನುಪ್ರಿಯಾ

ಮತ್ತೆ: ಒಂದು ಮಾತು ಉಳಿಯಿತು. ಆ ಉಸಿರಿಗೆ ನಾನು ಹೆದರುವುದಿಲ್ಲ ಅಕ್ಕ. ಲಹರಿಗೆ ಹೆದರುತ್ತೇನೆ. ಮುತ್ತು ಕೊಡಲು ಅವಳು ಕತ್ತಿನ ಹತ್ತಿರ ಬಂದರೆ ನನ್ನ ಕಾಲುಗಳು ತಾವಾಗಿಯೇ ಹಿಂದೆ ಸರಿಯುತ್ತವೆ. ಮೂರು ವರ್ಷದ ಕೂಸು, ಅವಳಿಗೇನು ತಿಳಿಯುತ್ತದೆ ಎಂದುಕೊಂಡಿದ್ದೆ. ನಿನ್ನೆ ಎರಡೂ ಕೈಯಿಂದ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು ನನ್ನ ಮುಂದೆ ಬಂದು ನಿಂತಳು. ಬೆರಳ ಸಂದಿಯಿಂದಲೇ, "ಈಗ ಎತ್ಕೋ ಅಮ್ಮ" ಎಂದಳು.