ತೆಳುಮಾಡದೆ ಬಿಟ್ಟದ್ದು

ಜುಲೈ ೧೬, ಬುಧವಾರ

ಭಾವನ ರಕ್ತದ ಸ್ಯಾಂಪಲ್ ಲ್ಯಾಬಿನಲ್ಲಿ ಮತ್ತೆ ನನ್ನ ಕೈಗೇ ಬಂತು. ಈ ಸಲ ಹತ್ತು ಪಟ್ಟು ತೆಳುಮಾಡಿ ಯಂತ್ರಕ್ಕಿಟ್ಟೆ. ಬಂದ ಅಂಕಿ ಮೊದಲ ಸಲದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಮೂಳೆಮಜ್ಜೆಯ ಕ್ಯಾನ್ಸರ್ ಇದ್ದರೆ ರಕ್ತದಲ್ಲಿ ಒಂದು ಪ್ರೋಟೀನ್ ಏರುತ್ತದೆ. ಅದು ಮಿತಿಮೀರಿದ್ದರೆ ಯಂತ್ರ ಮೋಸಹೋಗಿ ಕಡಿಮೆ ತೋರಿಸುತ್ತದೆ. ಅನುಮಾನ ಬಂದರೆ ತೆಳುಮಾಡಿ ಮತ್ತೊಮ್ಮೆ ನೋಡಬೇಕು. ಹೊಸಬರಿಗೆ ಇದನ್ನು ಹೇಳಿಕೊಡುವವಳೇ ನಾನು. ಮಾರ್ಚ್‌ನಲ್ಲಿ ಭಾವನ ಬೆನ್ನುನೋವಿಗೆಂದು ಮೊದಲ ಸಲ ಪರೀಕ್ಷೆ ಮಾಡಿದಾಗ ಅನುಮಾನ ಬರದೇ ಇರಲಿಲ್ಲ. ಅವರ ಸೀರಮ್ ಪಿಪೆಟ್ಟಿನ ತುದಿಯಿಂದ ಜೇನಿನಂತೆ ಎಳೆಯಾಗಿ ಇಳಿದದ್ದನ್ನು ಕಣ್ಣಾರೆ ಕಂಡೆ. ಆದರೆ ಪರದೆಯ ಮೇಲೆ ನಾರ್ಮಲ್ ಎಂದು ಬಂತು. ನನಗೂ ಅದೇ ಬೇಕಿತ್ತು. ಬೇಕಾದ ಉತ್ತರ ಸಿಕ್ಕಮೇಲೆ ಮತ್ತೆ ಕೇಳುವವರು ಯಾರು? ತಕ್ಷಣ ಅಕ್ಕನಿಗೆ ಫೋನ್ ಮಾಡಿ, "ಏನೂ ಇಲ್ಲ ಕಣೇ, ಬಸ್ ಓಡ್ಸಿ ಓಡ್ಸಿ ಬೆನ್ನು ಹಿಡ್ಕೊಂಡಿದೆ ಅಷ್ಟೆ" ಎಂದು ಡಾಕ್ಟರಿಗಿಂತ ಮೊದಲೇ ತೀರ್ಪು ಕೊಟ್ಟೆ.

ಭಾವ ಡಾಕ್ಟರ ಹತ್ತಿರ ಹೋಗುವುದನ್ನೇ ಬಿಟ್ಟರು. ನಾಲ್ಕು ತಿಂಗಳು ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು ಬಸ್ ಓಡಿಸಿದರು. "ನಮ್ಮನೆ ಲ್ಯಾಬೇ ಸರ್ಟಿಫಿಕೇಟ್ ಕೊಟ್ಟಿದೆ" ಎಂದು ನಗುತ್ತಿದ್ದರು. ಹೋದ ವಾರ ಪಕ್ಕೆಲುಬು ಮುರಿಯಿತು. ಬರೀ ಸ್ಟೀರಿಂಗ್ ತಿರುಗಿಸಿದ್ದಕ್ಕೆ.

ಸಂಜೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಅಕ್ಕ ನನ್ನ ಕೈ ಹಿಡಿದುಕೊಂಡಳು. "ನೀನಿದ್ದಿದ್ದಕ್ಕೆ ಸರಿಹೋಯ್ತು. ಆ ಮೆಷೀನ್ ನಂಬ್ಕೊಂಡು ಕೂತಿದ್ರೆ ಇವತ್ತೂ ಗೊತ್ತಾಗ್ತಿರ್ಲಿಲ್ಲ."

ಹೇಳಿಬಿಡೋಣ ಎಂದು ಬಾಯಿ ತೆರೆದೆ. ಹೊರಬಂದದ್ದು, "ಊಟ ಆಯ್ತಾ?"

ನಾಳೆ ಹೇಳಲೇಬೇಕು. ಆದರೆ ನಾಳೆಯೂ ಅವಳು ಹಾಗೇ ಕೈ ಹಿಡಿದುಕೊಂಡರೆ…