ದೊಡ್ಡವರ ನಗು

ಪ್ರತಿಮೆ ಅಚ್ಚಿನ ಕೊಠಡಿ,
ಮಂಗಳವಾರ, ಊಟದ ಬಿಡುವು

ನನ್ನ ಮುದ್ದು ಮಗನೇ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಗಡಿಯಾಚೆ ಚಿಕ್ಕಮ್ಮನ ಮನೆಯಲ್ಲಿದ್ದೇನೆಂದು ಸಂಕೋಚಪಟ್ಟು ಅರೆಹೊಟ್ಟೆ ಉಣ್ಣಬೇಡ. ನನ್ನ ತಂಗಿ ಬೈದುಕೊಂಡೇ ಬಡಿಸುವವಳು, ನೀನು ಬೈಸಿಕೊಂಡೇ ಉಣ್ಣು. ನನ್ನ ಮಂಡಿ ನೋವು ಇದ್ದದ್ದೇ. ಈ ಪತ್ರ ಅಂಚೆಯಲ್ಲಿ ಬರುತ್ತಿಲ್ಲ, ನಿನ್ನ ಲಾರಿ ಮಾವನ ಕೈಯಲ್ಲಿ ಬರುತ್ತಿದೆ. ಆದ್ದರಿಂದ ಹೊಟ್ಟೆಯೊಳಗಿನದನ್ನೆಲ್ಲ ಬರೆಯುತ್ತೇನೆ.

ಹೋದ ವರ್ಷ ದೊಡ್ಡವರು ಸತ್ತದ್ದು ರೇಡಿಯೋದಲ್ಲಿ ಕೇಳಿರುತ್ತೀಯ. ದೇಶವನ್ನೇ ನಡುಗಿಸಿದವನು ಬಚ್ಚಲಿನಲ್ಲಿ ಜಾರಿ ಬಿದ್ದ. ಬಾಗಿಲು ತಟ್ಟಲು ಯಾರಿಗೂ ಧೈರ್ಯ ಬರಲಿಲ್ಲವಂತೆ. ಮಧ್ಯಾಹ್ನದವರೆಗೆ ಒದ್ದೆ ನೆಲದ ಮೇಲೆ ನರಳಿದನಂತೆ. ಸಂಜೆಯವರೆಗೂ ನರಳಬೇಕಿತ್ತು ಅನ್ನಿಸಿತು ನನಗೆ.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಬದುಕಿದ್ದಾಗ ಆಡಲು ಬಿಟ್ಟಿದ್ದನೇ! ನ್ಯಾಯವಾಗಿಯೇ ಹೇಳುತ್ತೇನೆ: ಲಂಚ ಮುಟ್ಟಲಿಲ್ಲ, ಕುಡಿಯಲಿಲ್ಲ. ನಮ್ಮ ಬೀದಿಗೆ ವಿದ್ಯುತ್ ದೀಪ ತಂದವನೂ ಅವನೇ. ಆ ದೀಪದ ಬೆಳಕಿನಲ್ಲೇ ಅವನ ಜನ ನಮ್ಮ ಮನೆ ಹುಡುಕಿ ಬಂದರು. ಭಾಷಣದ ನಡುವೆ ಅವನ ದನಿ ಕೀಚಲಾದಾಗ ನಿನ್ನಪ್ಪ ನಕ್ಕುಬಿಟ್ಟಿದ್ದರು, ಅಷ್ಟೇ ಅಪರಾಧ. ಅಪ್ಪನನ್ನೂ ಒಯ್ದರು, ಗೋಡೆಯ ಫೋಟೋಗಳನ್ನೂ ಒಯ್ದರು. ನೀನಿನ್ನೂ ತೊಟ್ಟಿಲಲ್ಲಿದ್ದೆ. ಅಪ್ಪ ತಿರುಗಿ ಬರಲಿಲ್ಲ. ಇವನ ಪ್ರತಿಮೆಗೆ ಮೊದಲ ಕಲ್ಲು ನನ್ನದೇ ಎಂದು ಅಂದೇ ಆಣೆ ಮಾಡಿದ್ದೆ. "ಅಪ್ಪ ಹೇಗಿದ್ರಮ್ಮಾ?" ಎಂದು ನೀನು ಕೇಳಿದಾಗಲೆಲ್ಲ ಗದರಿದೆ. ಮಣ್ಣು ತಿದ್ದುವ ಕೈ ನನ್ನದು, ಮಾಡಿ ತೋರಿಸಬಹುದಿತ್ತು. ಆದರೆ ತಪಾಸಣೆಯಲ್ಲಿ ಆ ಮುಖ ಸಿಕ್ಕಿದ್ದರೆ ನಿನಗೆ ತಾಯಿಯೂ ಇರುತ್ತಿರಲಿಲ್ಲ ಕಣೋ.

ಅವನು ಸತ್ತ ಮೇಲೆ ಪ್ರತಿ ಚೌಕಕ್ಕೂ ಹೊಸ ಪ್ರತಿಮೆ ಬೇಕೆಂದರು. ಹಳೆಯವಕ್ಕೆ ಬಿಗಿದ ತುಟಿ, ಮಕ್ಕಳು ಹೆದರುತ್ತವಂತೆ. "ಕರುಣೆ ಕಾಣ್ಬೇಕು, ಒಂಚೂರು ನಗಿಸಮ್ಮ" ಎಂದ ಅವನ ಕಾರ್ಯದರ್ಶಿ. ನಗುವ ಫೋಟೋ ಕೊಡಿ ಎಂದೆ. ಬಂಗಲೆಯನ್ನೆಲ್ಲ ಜಾಲಾಡಿದರೂ ಒಂದೂ ಸಿಗಲಿಲ್ಲ! ಕೊನೆಗೆ ನಾನೇ ಒಂದು ನಗು ತಿದ್ದಿದೆ. ಎಡ ತುದಿ ಮೊದಲು ಏಳುವ, ಗಲ್ಲದಲ್ಲಿ ಸಣ್ಣ ಗುಳಿ ಬೀಳುವ ನಗು. ಅವನ ಹೆಂಡತಿ ನೋಡಿ, "ಇವ್ರು ಹೀಗೆ ನಕ್ಕಿದ್ದು ನಾನೇ ನೋಡಿಲ್ವಲ್ಲೇ" ಎಂದು ಕಣ್ಣೊರೆಸಿಕೊಂಡಳು. ನಾನು ತಲೆ ತಗ್ಗಿಸಿ ಒಳಗೊಳಗೇ ಕುಣಿದೆ. ಪ್ರತಿಮೆಗಳು ಈಗ ಊರೂರಲ್ಲಿ ನಿಂತಿವೆ.

ಚಿಕ್ಕಮ್ಮನನ್ನು ಕೇಳಿದೆನೆಂದು ಹೇಳು. ಈ ಮಣ್ಣುಗೈಯಲ್ಲೇ ನಿನ್ನ ತಲೆ ಸವರಿದ್ದೇನೆ ಅಂದುಕೋ, ನೂರು ವರ್ಷ ಬಾಳು.

ನಿನ್ನ ಅಮ್ಮ

ತಾ.ಕ.: ಮಾವ ಹಾರನ್ ಹೊಡೆಯುತ್ತಿದ್ದಾನೆ. ಗಡಿ ತೆರೆದಿದೆಯಂತೆ, ಹೊರಟು ಬಾ. ಬಸ್ಸಿಳಿದವನೇ ಮನೆಗೆ ಬರಬೇಡ, ನಿಲ್ದಾಣದ ಚೌಕದಲ್ಲಿ ನಿಲ್ಲು. ಅವನ ಹಣೆ, ಕಣ್ಣು, ಮೂಗು ಕಾಣದಂತೆ ಅಂಗೈ ಅಡ್ಡ ಹಿಡಿದು ಬಾಯಿಯನ್ನಷ್ಟೇ ನೋಡು. ಅದು ನಿನ್ನಪ್ಪ. ತಡಮಾಡಬೇಡ, ಜನರಿಗೆ ಧೈರ್ಯ ಬರುತ್ತಿದೆ. ನಿನ್ನೆ ಸಂಜೆ ಮಾರುಕಟ್ಟೆಯ ಪ್ರತಿಮೆಗೆ ಕಲ್ಲು ಬಿತ್ತು, ಎಲ್ಲರೂ ಗುರಿಯಿಟ್ಟದ್ದು ಆ ನಗುವಿಗೇ. ಪಕ್ಕದ ಮನೆಯವಳು ನನ್ನ ಕೈಗೂ ಒಂದು ಕಲ್ಲು ಕೊಟ್ಟಳು. ಎಸೆಯಲು ಕೈ ಬರಲಿಲ್ಲ, ಮನೆಗೆ ತಂದಿಟ್ಟಿದ್ದೇನೆ.